ಶಾಲೆಯ ಸಂಬಳವೋ ಸ್ವತಂತ್ರ ಪಾಠವೋ: ಪರದೇಶದ ಇಂಗ್ಲಿಷ್ ಶಿಕ್ಷಕರ ಮುಂದಿರುವ ಆಯ್ಕೆ

ವಿದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವವರು ಶಾಲೆಯ ಸಂಬಳದ ಹುದ್ದೆಯನ್ನು ಬಿಟ್ಟು, ಖಾಸಗಿಯಾಗಿ ಪಾಠ ಹೇಳುವುದನ್ನೇ ಜೀವನೋಪಾಯ ಮಾಡಿಕೊಳ್ಳುವುದು ಉಚಿತವೇ?

ಪರ

45 ನಿಮಿಷದ ಪಿರಿಯಡ್ಡು, ತರಗತಿಯಲ್ಲಿ 35 ಮಕ್ಕಳು. ಹಾಜರಿ ಕೂಗಿ, ಹಿಂದಿನ ಪಾಠವನ್ನು ನೆನಪಿಸಿ, ಹೊಸದನ್ನು ವಿವರಿಸುವಷ್ಟರಲ್ಲಿ 20 ನಿಮಿಷ ಕಳೆದಿರುತ್ತದೆ. ಉಳಿದ 25 ನಿಮಿಷವನ್ನು ಒಂದಿಷ್ಟೂ ಪೋಲು ಮಾಡದೆ ಎಲ್ಲರಿಗೂ ಸಮನಾಗಿ ಹಂಚಿದರೂ ಒಂದು ಮಗುವಿಗೆ ಬಾಯಿ ತೆರೆಯಲು ಮುಕ್ಕಾಲು ನಿಮಿಷವೂ ಸಿಗುವುದಿಲ್ಲ. ಹಾಗೆ ಸಮನಾಗಿ ಹಂಚುವುದು ಯಾವ ತರಗತಿಯಲ್ಲೂ ನಡೆಯುವುದಿಲ್ಲವೆಂಬುದು ಪಾಠ ಮಾಡಿದವರಿಗೆಲ್ಲ ಗೊತ್ತು; ಕೈ ಎತ್ತುವ ನಾಲ್ಕೈದು ಮಕ್ಕಳೇ ಆ ಸಮಯವನ್ನೆಲ್ಲ ಬಳಸಿಕೊಳ್ಳುತ್ತಾರೆ, ಉಳಿದವರು ತಲೆ ತಗ್ಗಿಸಿಕೊಂಡು ಗಂಟೆ ಹೊಡೆಯುವುದನ್ನೇ ಕಾಯುತ್ತಾರೆ. ಭಾಷೆಯೆಂಬುದು ನಾಲಿಗೆಯ ಮೇಲೆ ಹೊರಳಾಡಿದರೆ ಮಾತ್ರ ದಕ್ಕುವ ವಿದ್ಯೆಯೆಂದು ಒಪ್ಪುವುದಾದರೆ, ಅದನ್ನು ಕಲಿಸಲೆಂದೇ ದೇಶ ಬಿಟ್ಟು ಬಂದವರು ಎಲ್ಲಿ ಕುಳಿತು ಕಲಿಸಬೇಕೆಂಬ ಪ್ರಶ್ನೆಯನ್ನು ಈ ಮುಕ್ಕಾಲು ನಿಮಿಷದಿಂದಲೇ ಆರಂಭಿಸಬೇಕು.

ಕೊರಿಯನ್ ಭಾಷೆಯಲ್ಲಿ ಇಂಗ್ಲಿಷಿನ ‘ಎಫ್’ ಧ್ವನಿ ಇಲ್ಲ. ಹೀಗಾಗಿ ‘ಕಾಫಿ’ ಅಲ್ಲಿನವರ ಬಾಯಲ್ಲಿ ‘ಕಾಪಿ’ಯಾಗುತ್ತದೆ, ಕಚೇರಿಯಲ್ಲಿ ಯಾರಾದರೂ ಎರಡು ಕಾಪಿ ಬೇಕೆಂದರೆ ಹೊರಗಿನಿಂದ ಬಂದವರು ಕಾಗದ ತರಬೇಕೋ ಲೋಟ ತರಬೇಕೋ ತಿಳಿಯದೆ ನಿಲ್ಲುತ್ತಾರೆ. ದೊಡ್ಡ ತರಗತಿಯಲ್ಲಿ ಎಲ್ಲರೂ ಹೀಗೆಯೇ ಉಚ್ಚರಿಸುವುದರಿಂದ ಯಾರ ಕಿವಿಗೂ ಅದು ತಪ್ಪೆಂದು ಬೀಳುವುದಿಲ್ಲ. ಎದುರಿಗೆ ಒಬ್ಬರೇ ಕುಳಿತಿರುವಾಗ ಮಾತು ಬೇರೆ. ನಾನು ಪಾಠ ಹೇಳಿದ ಮಧ್ಯವಯಸ್ಸಿನ ಎಂಜಿನಿಯರೊಬ್ಬರ ಮುಂದೆ ಚಿಕ್ಕ ಕನ್ನಡಿಯೊಂದನ್ನು ಇಟ್ಟು, ಮೇಲಿನ ಹಲ್ಲು ಕೆಳತುಟಿಗೆ ತಾಗುವುದನ್ನು ತೋರಿಸಿ, ತುಟಿಯ ಸಂದಿನಿಂದ ಹೊರಬರುವ ಗಾಳಿಯನ್ನು ಅವರ ಅಂಗೈಗೇ ತಾಗಿಸಿದೆ. ಮೊದಲ ದಿನ ಅವರು ನಾಚಿಕೊಂಡು ಕನ್ನಡಿಯನ್ನು ಬೋರಲು ಹಾಕಿದ್ದರು. ಮೂರನೆಯ ವಾರದಲ್ಲಿ ಆ ಧ್ವನಿ ತಾನಾಗಿ ಬಂತು. ಅದು ಬಂದ ಕ್ಷಣ ಅವರ ಮುಖದಲ್ಲಿ ಕಂಡ ಹಿಗ್ಗನ್ನು ಶಾಲೆಯಲ್ಲಿ ಕಳೆದ ಎರಡು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

ಶಾಲೆಯ ಹುದ್ದೆಯನ್ನು ಹೊಗಳುವವರು ಮೊದಲು ಹೇಳುವುದು ಭದ್ರತೆಯ ಮಾತನ್ನು. ಆ ಭದ್ರತೆ ಎಷ್ಟು ಗಟ್ಟಿ? ಜಪಾನಿನ ಅತಿ ದೊಡ್ಡ ಇಂಗ್ಲಿಷ್ ಕಲಿಕಾ ಸಂಸ್ಥೆಯಾಗಿದ್ದ ನೋವಾ 2007ರ ಅಕ್ಟೋಬರಿನಲ್ಲಿ ಮುಳುಗಿದಾಗ ಸಾವಿರಾರು ವಿದೇಶಿ ಶಿಕ್ಷಕರು ಒಂದೇ ಸಲಕ್ಕೆ ಬೀದಿಗೆ ಬಂದರು. ಬಾಕಿ ಸಂಬಳ ಕೈಗೆ ಬರಲಿಲ್ಲ. ಸಂಬಳದಿಂದ ಬಾಡಿಗೆಯನ್ನು ಮುರಿದುಕೊಂಡಿದ್ದ ಸಂಸ್ಥೆ ಅದನ್ನು ಮನೆಯ ಮಾಲೀಕರಿಗೆ ಕಟ್ಟಿರಲಿಲ್ಲವಾದ್ದರಿಂದ ಎಷ್ಟೋ ಜನರಿಗೆ ಮನೆ ಬಿಡುವಂತೆ ನೋಟಿಸು ಬಂತು. ಕೆಲಸ, ಸೂರು, ವೀಸಾ ಮೂರನ್ನೂ ಒಬ್ಬನೇ ಉದ್ಯೋಗದಾತನ ಕೈಗೆ ಒಪ್ಪಿಸಿದರೆ ಒಂದು ಕಳಚಿದ ದಿನ ಮೂರೂ ಕಳಚುತ್ತವೆ. ಹತ್ತು ಮನೆಗಳಲ್ಲಿ ಪಾಠ ಹೇಳುವವರಿಗೆ ಒಂದು ಮನೆ ತಪ್ಪಿದರೆ ಒಂಬತ್ತು ಉಳಿದಿರುತ್ತವೆ. ಸರ್ಕಾರವೇ ನಡೆಸುವ ಯೋಜನೆಗಳೂ ಬಾಳಿನುದ್ದಕ್ಕೆ ಆಗುವಂಥವಲ್ಲ: ಜಪಾನಿನಲ್ಲಿ 1987ರಿಂದ ನಡೆದುಬಂದಿರುವ, ವಿದೇಶಿಯರನ್ನು ಶಾಲೆಗಳಿಗೆ ಕರೆತರುವ ಜೆಟ್ ಯೋಜನೆಯ ಕರಾರು ಒಂದು ವರ್ಷದ್ದು, ನವೀಕರಿಸುತ್ತ ಹೋದರೂ ಐದು ವರ್ಷಕ್ಕೆ ಕೊನೆ. ಅಲ್ಲಿಯ ಶಾಲೆಗಳಲ್ಲಿ ‘ಸಹಾಯಕ ಭಾಷಾ ಶಿಕ್ಷಕ’ರೆನಿಸುವ ವಿದೇಶಿಯರು ಹೆಸರಿಗೆ ತಕ್ಕಂತೆ ಸಹಾಯಕರು. ಕೆಲವು ಕಡೆ ಪಠ್ಯದ ಸಾಲುಗಳನ್ನು ಓದಿ ಹೇಳುವುದಕ್ಕಿಂತ ಹೆಚ್ಚಿನ ಕೆಲಸ ಅವರ ಪಾಲಿಗೆ ಬರುವುದಿಲ್ಲ.

ಇನ್ನೊಂದು ಅನ್ಯಾಯವನ್ನು ಹೇಳದೆ ಬಿಡಲಾರೆ. ದಕ್ಷಿಣ ಕೊರಿಯಾದಲ್ಲಿ ಭಾಷಾ ಬೋಧಕರಿಗೆ ಕೊಡುವ ಇ-2 ವೀಸಾ ಇಂಗ್ಲಿಷಿನ ಮಟ್ಟಿಗೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲು. ಭಾರತೀಯರಿಗೆ 2010ರಲ್ಲಿ ಜಾರಿಗೆ ಬಂದ ಆರ್ಥಿಕ ಒಪ್ಪಂದದ ಮೂಲಕ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಲು ಕಿರುಬಾಗಿಲೊಂದು ತೆರೆಯಿತು, ಅಷ್ಟೆ. ನೇಮಕ ಮಾಡುವವರು ಮೊದಲು ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನು, ಆಮೇಲೆ ಬೋಧನೆಯನ್ನು. ಖಾಸಗಿ ಪಾಠದಲ್ಲಿ ವಿದ್ಯಾರ್ಥಿ ನಾಲ್ಕನೆಯ ದಿನವೂ ಪಾಠಕ್ಕೆ ಮತ್ತೆ ಬಂದನೆಂದರೆ ಅದೇ ಅರ್ಹತಾಪತ್ರ.

ಇದೆಲ್ಲ ಕಾನೂನಿಗೆ ಹೊರತಾದ ವ್ಯವಹಾರ ಎಂಬ ಆಕ್ಷೇಪವೂ ಈಗ ಹಿಂದಿನಷ್ಟು ನಿಲ್ಲುವುದಿಲ್ಲ. 1980ರಲ್ಲಿ ಕೊರಿಯಾದ ಸೇನಾ ಆಡಳಿತ ಖಾಸಗಿ ಪಾಠವನ್ನೇ ನಿಷೇಧಿಸಿತ್ತು; 2000ದಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ಸಂವಿಧಾನಬಾಹಿರವೆಂದು ಸಾರಿತು. ಮದುವೆಯಿಂದಲೋ ದೀರ್ಘಕಾಲದ ವಾಸದಿಂದಲೋ ‘ಎಫ್’ ಶ್ರೇಣಿಯ ವೀಸಾ ಪಡೆದ ವಿದೇಶಿಯರು ಇಂದು ಅಲ್ಲಿನ ಶಿಕ್ಷಣ ಕಚೇರಿಯಲ್ಲಿ ನೋಂದಾಯಿಸಿಕೊಂಡು ಮುಚ್ಚುಮರೆಯಿಲ್ಲದೆ ಪಾಠ ಹೇಳಬಹುದು. ಜೆಕ್ ಗಣರಾಜ್ಯದಲ್ಲಿ ಇಂಗ್ಲಿಷ್ ಕಲಿಸುವ ಎಷ್ಟೋ ವಿದೇಶಿಯರು ವೃತ್ತಿ ಪರವಾನಗಿ ಪಡೆದು ಸ್ವತಂತ್ರವಾಗಿಯೇ ದುಡಿಯುತ್ತಾರೆ. ಸಂಯುಕ್ತ ಅರಬ್ ಎಮಿರೇಟ್ಸ್ 2023ರ ಡಿಸೆಂಬರಿನಲ್ಲಿ ಖಾಸಗಿ ಪಾಠಕ್ಕೆಂದೇ ಎರಡು ವರ್ಷದ ಪರವಾನಗಿಯನ್ನು ಶುಲ್ಕವಿಲ್ಲದೆ ಕೊಡಲು ಆರಂಭಿಸಿತು. ದಾರಿ ತೆರೆದಿರುವ ಕಡೆ ಅದನ್ನು ಬಿಟ್ಟು, ವರ್ಷಾಂತ್ಯಕ್ಕೆ ಕರಾರು ಮುಂದುವರಿಯುತ್ತದೋ ಇಲ್ಲವೋ ಎಂದು ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ಕಾಯುತ್ತ ನಿಲ್ಲಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ವಿರೋಧ

ಗಂಟೆಯ ಶುಲ್ಕ ಎಂಬ ಅಂಕಿ ಕೇಳುವುದಕ್ಕೆ ಇಂಪು. ಶಾಲೆಯ ತಿಂಗಳ ಸಂಬಳವನ್ನು ಪಿರಿಯಡ್ಡುಗಳಿಂದ ಭಾಗಿಸಿ ನೋಡಿದರೆ ಖಾಸಗಿ ಪಾಠದ ಒಂದು ಗಂಟೆಗೆ ಅದರ ಎರಡು ಪಟ್ಟು ಸಿಗುವ ಊರುಗಳು ಇಲ್ಲದಿಲ್ಲ. ಆದರೆ ಮಕ್ಕಳು ಶಾಲೆಯಲ್ಲಿ, ದೊಡ್ಡವರು ಕಚೇರಿಯಲ್ಲಿ ಇರುವ ಹಗಲು ಹೊತ್ತಿನಲ್ಲಿ ಪಾಠಕ್ಕೆ ಯಾರೂ ಸಿಗುವುದಿಲ್ಲ. ಉಳಿಯುವುದು ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗಿನ ಐದು ಗಂಟೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಮುಕ್ಕಾಲು ಗಂಟೆ ರೈಲು, ಬಸ್ಸು ಎಂದಿಟ್ಟುಕೊಂಡರೆ ಆ ಐದು ಗಂಟೆಯಲ್ಲಿ ಹಣ ಬರುವುದು ಮೂರಕ್ಕೆ ಮಾತ್ರ. ಪರೀಕ್ಷೆ ಹತ್ತಿರ ಬಂದಾಗ ಮಗುವಿಗೆ ಗಣಿತ ಮುಖ್ಯವಾಗುತ್ತದೆ, ಇಂಗ್ಲಿಷ್ ಪಾಠ ನಿಲ್ಲುತ್ತದೆ. ಬೇಸಿಗೆಯ ರಜೆಯಲ್ಲಿ ಮನೆಮಂದಿಯೆಲ್ಲ ಊರು ಬಿಡುತ್ತಾರೆ. ‘ಇವತ್ತು ಬೇಡ, ಸ್ವಲ್ಪ ಜ್ವರ’ ಎಂಬ ಸಂದೇಶ ಬರುವ ಹೊತ್ತಿಗೆ ನೀವು ಅರ್ಧ ದಾರಿಯಲ್ಲಿರುತ್ತೀರಿ. ಪಾಠದ ಸಿದ್ಧತೆ, ವಿಮೆ, ತೆರಿಗೆ, ಪಠ್ಯದ ಖರ್ಚು ಎಲ್ಲವೂ ನಿಮ್ಮದೇ. ಇಷ್ಟನ್ನೂ ಕಳೆದ ಮೇಲೆ ಉಳಿಯುವ ಅಂಕಿಯನ್ನು ಗಂಟೆಯ ಶುಲ್ಕವನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಬರೆದಿಟ್ಟುಕೊಂಡದ್ದನ್ನು ನಾನು ಕಂಡಿಲ್ಲ.

ಹಣಕ್ಕಿಂತ ಮುಖ್ಯವಾದುದು ಆ ದೇಶದಲ್ಲಿ ಇರುವ ಹಕ್ಕು. ಪರದೇಶದಲ್ಲಿ ಶಿಕ್ಷಕರ ವಾಸವೇ ಬಹುಪಾಲು ಅವರ ಕೆಲಸದ ಮೇಲೆ ನಿಂತಿರುತ್ತದೆ. ಕೊರಿಯಾದ ‘ಎಫ್’ ವೀಸಾವನ್ನು ಮೇಲಿನ ವಾದ ಎತ್ತಿ ಹಿಡಿಯುತ್ತದೆ. ಆದರೆ ಹೊಸದಾಗಿ ಹೋಗುವವರ ಕೈಯಲ್ಲಿರುವುದು ಇ-2, ಅದರಲ್ಲಿ ಮನೆಪಾಠ ಹೇಳಿ ಸಿಕ್ಕಿಬಿದ್ದರೆ ದಂಡವಷ್ಟೇ ಅಲ್ಲ, ದೇಶದಿಂದ ಹೊರಹೋಗಬೇಕಾದೀತು. ಎಮಿರೇಟ್ಸಿನ ಪರವಾನಗಿಯೂ ಹಾಗೆಯೇ: ಅದು ಅಲ್ಲಿ ಈಗಾಗಲೇ ನೆಲೆಸಿದವರಿಗೆ ಪಾಠ ಹೇಳಲು ಕೊಡುವ ಅನುಮತಿಯೇ ಹೊರತು ನೆಲೆಸುವ ಹಕ್ಕನ್ನು ತಾನಾಗಿ ತಂದುಕೊಡುವ ಪತ್ರವಲ್ಲ. ಅಂದರೆ ಸ್ವತಂತ್ರ ಪಾಠದ ಸ್ವಾತಂತ್ರ್ಯವನ್ನು ಸವಿಯುವವರು ಸಾಮಾನ್ಯವಾಗಿ ಬೇರೊಂದು ಆಸರೆಯ ಮೇಲೆ ನಿಂತವರು. ಆ ಆಸರೆ ಗಂಡನದೋ ಹೆಂಡತಿಯದೋ ಉದ್ಯೋಗವಿರಬಹುದು, ಶಾಶ್ವತ ವಾಸದ ಪರವಾನಗಿಯಿರಬಹುದು, ಇಲ್ಲವೇ ಹಿಂದೆ ಮಾಡಿದ ಶಾಲೆಯ ಕೆಲಸವೇ ಇರಬಹುದು. ಅವರ ಮಾತನ್ನು ನೆಚ್ಚಿ ಬರಿಗೈಯಲ್ಲಿ ವಿಮಾನ ಹತ್ತುವ ಯುವಕ ಯುವತಿಯರನ್ನು ನೆನೆದರೆ ನನಗೆ ನಿಜವಾಗಿಯೂ ಆತಂಕವಾಗುತ್ತದೆ.

ನೋವಾ ಮುಳುಗಿದ್ದು ನಿಜ, ಶಿಕ್ಷಕರು ಕಷ್ಟಪಟ್ಟದ್ದೂ ನಿಜ. ಆದರೆ ಅದು ಶಾಲೆಯಲ್ಲ. ಪಾಠದ ಕೂಪನ್ನುಗಳನ್ನು ಮುಂಗಡವಾಗಿ ಮಾರಿ ಬೆಳೆದ ಖಾಸಗಿ ಕಂಪನಿ. ಅದನ್ನು ಶಾಲೆಯ ಹುದ್ದೆಯ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವುದು ಸರಿಯಲ್ಲ. ಖಾಸಗಿ ಪಾಠದ ಮಾರುಕಟ್ಟೆ ಹೇಗೆ ಕುಸಿಯುತ್ತದೆಂದು ನೋಡಬೇಕಾದರೆ ಚೀನಾದ ಕಡೆ ನೋಡಬೇಕು. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಮಕ್ಕಳ ಮನೆಗೆಲಸದ ಹೊರೆಯನ್ನೂ ಶಾಲೆಯ ಹೊರಗಿನ ಪಾಠದ ಹೊರೆಯನ್ನೂ ಇಳಿಸುವ ನೀತಿಯನ್ನು ಪ್ರಕಟಿಸಿತು. ಶಾಲಾ ವಿಷಯಗಳ ಪಾಠ ಹೇಳುವ ಸಂಸ್ಥೆಗಳು ಲಾಭ ಮಾಡುವಂತಿಲ್ಲ, ವಾರಾಂತ್ಯದಲ್ಲೂ ರಜೆಯಲ್ಲೂ ಅಂಥ ಪಾಠ ನಡೆಸುವಂತಿಲ್ಲ, ದೇಶದ ಹೊರಗಿರುವ ವಿದೇಶಿಯರಿಂದ ಬೋಧನೆ ಮಾಡಿಸುವಂತಿಲ್ಲ ಎಂಬ ಆದೇಶ ಹೊರಟ ಮೇಲೆ, ಪರದೆಯ ಮುಂದೆ ಕುಳಿತು ಚೀನೀ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ಅಸಂಖ್ಯ ಶಿಕ್ಷಕರ ಗಳಿಕೆ ಕೆಲವೇ ವಾರಗಳಲ್ಲಿ ಬತ್ತಿತು. ಹತ್ತು ಮನೆಗಳಲ್ಲಿ ಒಂದು ತಪ್ಪಿದರೆ ಒಂಬತ್ತು ಉಳಿಯುತ್ತವೆಂಬ ಲೆಕ್ಕ ಅಲ್ಲಿ ನಡೆಯಲಿಲ್ಲ, ಹತ್ತೂ ಒಟ್ಟಿಗೇ ಹೋದವು. ಅದೇ ಚೀನಾದ ಶಾಲೆಗಳಲ್ಲಿ ಇಂಗ್ಲಿಷ್ ಪಿರಿಯಡ್ಡುಗಳು ನಿಲ್ಲಲಿಲ್ಲ.

ಸಂಬಳದ ಜೊತೆಗೆ ಸಂಜೆ ನಾಲ್ಕು ಪಾಠ ಎಂಬ ನಡುದಾರಿಯೂ ಎಲ್ಲೆಡೆ ಸಲೀಸಲ್ಲ. ವಿಯೆಟ್ನಾಮಿನಲ್ಲಿ 2025ರ ಫೆಬ್ರವರಿಯಿಂದ ಶಾಲಾ ಶಿಕ್ಷಕರು ತಾವು ತರಗತಿಯಲ್ಲಿ ಕಲಿಸುವ ಮಕ್ಕಳಿಗೇ ಹೊರಗೆ ಹಣ ಪಡೆದು ಪಾಠ ಹೇಳುವಂತಿಲ್ಲ. ನನಗೆ ಆ ನಿಯಮ ನ್ಯಾಯವೆಂದೇ ತೋರುತ್ತದೆ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಮನೆಯಲ್ಲಿ ಮಾರುವ ಆಸೆಗೆ ಎಡೆಯೇ ಇರಬಾರದು.

ಸಂಬಳವೆಂದರೆ ತಿಂಗಳ ಕೊನೆಗೆ ಬರುವ ಹಣ ಮಾತ್ರವಲ್ಲ. ಕೊರಿಯಾದಲ್ಲಿ ಒಂದು ವರ್ಷ ಪೂರೈಸಿದ ಉದ್ಯೋಗಿಗೆ ವರ್ಷಕ್ಕೆ ಕನಿಷ್ಠ 30 ದಿನದ ವೇತನದಷ್ಟು ನಿರ್ಗಮನ ಭತ್ಯೆ ಸಲ್ಲಬೇಕು. ಎಮಿರೇಟ್ಸಿನಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ, ಮುಂದಿನ ವರ್ಷಗಳಿಗೆ 30 ದಿನದ ಮೂಲವೇತನ ಗ್ರಾಚುಯಿಟಿಯಾಗಿ ಸೇರುತ್ತದೆ. ಇವುಗಳ ಜೊತೆಗಿನ ರಜೆ, ವಿಮೆಗಳ ಬೆಲೆ ಆರೋಗ್ಯ ಚೆನ್ನಾಗಿರುವವರೆಗೆ ತಿಳಿಯುವುದಿಲ್ಲ. ಮಂಜು ಬಿದ್ದ ಮೆಟ್ಟಿಲಿನಲ್ಲಿ ಜಾರಿ ನನ್ನ ಕಾಲಿನ ಮೂಳೆ ಮುರಿದಾಗ ಆರು ವಾರ ಮನೆಯಲ್ಲಿದ್ದೆ. ಸಹೋದ್ಯೋಗಿಯೊಬ್ಬರು ನನ್ನ ಪಿರಿಯಡ್ಡುಗಳನ್ನು ಹಂಚಿಕೊಂಡರು, ಆಸ್ಪತ್ರೆಯ ಬಿಲ್ಲಿನ ಬಹುಪಾಲನ್ನು ವಿಮೆ ಕಟ್ಟಿತು, ಸಂಬಳ ಎಂದಿನ ದಿನವೇ ಬಂತು. ಅದೇ ಚಳಿಗಾಲದಲ್ಲಿ ಮನೆಪಾಠ ಹೇಳುತ್ತಿದ್ದ ಗೆಳತಿಯೊಬ್ಬಳು ನ್ಯುಮೋನಿಯಾದಿಂದ ಮಲಗಿ ಎದ್ದು ಬರುವ ಹೊತ್ತಿಗೆ ಅವಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬೇರೆ ಶಿಕ್ಷಕರನ್ನು ಗೊತ್ತುಮಾಡಿಕೊಂಡಿದ್ದರು. ಅವರದು ತಪ್ಪೆನ್ನಲಾಗದು, ಅವರ ಪರೀಕ್ಷೆ ಅವಳಿಗಾಗಿ ಕಾಯುತ್ತಿರಲಿಲ್ಲ.

ಮುಕ್ಕಾಲು ನಿಮಿಷದ ಲೆಕ್ಕಕ್ಕೂ ಉತ್ತರ ಹೇಳಬೇಕು. ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸುವುದಾದರೆ ಆ ಲೆಕ್ಕ ಸರಿ. ಹಾಗೆ ಮಾತಾಡಿಸಲೇಬೇಕೆಂಬ ನಿಯಮವೇನೂ ಇಲ್ಲ. ಮೊದಲ ವರ್ಷ ನನಗೂ ಇದು ತಿಳಿದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹಿರಿಯ ಶಿಕ್ಷಕಿ ಒಂದು ದಿನ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ, ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ, ಒಬ್ಬರ ಕೈಯಲ್ಲಿ ಅಂಗಡಿಯ ಬೆಲೆಪಟ್ಟಿ, ಇನ್ನೊಬ್ಬರ ಕೈಯಲ್ಲಿ ಕೊಳ್ಳಬೇಕಾದ ಸಾಮಾನಿನ ಚೀಟಿ ಕೊಡಲು ಹೇಳಿದರು. ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣಬಾರದು, ಕೇಳಿಯೇ ತಿಳಿಯಬೇಕು. ಮರುದಿನ ಹಾಗೆಯೇ ಮಾಡಿದೆ. ಹತ್ತು ನಿಮಿಷ ಕೋಣೆಯೆಲ್ಲ ಒಟ್ಟಿಗೇ ಮಾತಾಡಿತು, ಪಕ್ಕದ ಕೋಣೆಯ ಶಿಕ್ಷಕರು ಬಾಗಿಲಲ್ಲಿ ಇಣುಕಿ ನೋಡುವಷ್ಟು ಗದ್ದಲ. ವರ್ಷವಿಡೀ ಬಾಯಿ ಬಿಡದಿದ್ದ ಹುಡುಗನೊಬ್ಬ, ಮನೆಪಾಠಕ್ಕೆ ಕಳಿಸುವ ಶಕ್ತಿ ತಾಯ್ತಂದೆಯರಿಗೆ ಇಲ್ಲದವನು, ಚೀಟಿಯನ್ನು ಎದೆಗೆ ಅವಚಿಕೊಂಡು ಎದುರಿನವಳನ್ನು ಸೇಬಿನ ಬೆಲೆ ಕೇಳುತ್ತಿದ್ದ.