ಲಾರ್ಡ್ ಲಬಕ್ ದಾಸನ ಬ್ರೆಡ್ಡು

ಕೆಲಸದ ಹೊತ್ತಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರೆ ನಮ್ಮಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: "ನೋಡು, ಲಾರ್ಡ್ ಲಬಕ್ ದಾಸ ಕೂತಿದಾನೆ!" ಲಬಕ್ ದಾಸನನ್ನು ಬಿಡಿ. ಅವನ ಹೆಸರಿನ ಹಿಂದೆ ಅಂಟಿಕೊಂಡ ಲಾರ್ಡ್ ಇದಾನಲ್ಲ, ಅವನ ಕತೆ ಮಜವಾಗಿದೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅವನು 'ಹ್ಲಾಫೋರ್ಡ್'. ಅದಕ್ಕೂ ಮೊದಲು 'ಹ್ಲಾಫ್‌ವಾರ್ಡ್'. ಹ್ಲಾಫ್ ಅಂದರೆ ಬ್ರೆಡ್ಡು. ಬೇಕರಿಯಲ್ಲಿ ಕೇಳುವ 'ಲೋಫ್' ಅದೇ. ವಾರ್ಡ್ ಅಂದರೆ ಕಾಯುವವನು, ನಮ್ಮ ಹಾಸ್ಟೆಲ್ ವಾರ್ಡನ್ನಿಗೆ ನೆಂಟ. ಕಿರೀಟ ಇಲ್ಲ, ಕುದುರೆ ಇಲ್ಲ, ಬ್ರೆಡ್ ಬುಟ್ಟಿ ಕಾಯುವ ಆಸಾಮಿ! 'ಮಾಡುತ್ತೇನೆ' ನಮ್ಮ ಬಾಯಲ್ಲಿ 'ಮಾಡ್ತೀನಿ' ಆದ ಹಾಗೆ, ಅವರ ಬಾಯಲ್ಲೂ ಪದ ಸವೆದು ಸವೆದು ಲಾರ್ಡ್ ಆಯಿತು.

ಹಾಗಾದರೆ ಲೇಡಿ? ಅವಳು 'ಹ್ಲ್ಯಾಫ್‌ಡಿಯೆ', ಬ್ರೆಡ್ಡಿಗೆ ಹಿಟ್ಟು ನಾದುವವಳು. ನಾದೋದು ಇವಳು, ಕೂತು ಕಾಯೋದು ಅವನು. ಕೆಲಸ ಹಂಚಿಕೆ ಆಗಲೂ ಹೀಗೇ ಇತ್ತು ಅಂತಾಯ್ತು.

ನಮ್ಮ ಮನೆಯಲ್ಲಿ ಭಾನುವಾರ ಚಪಾತಿ ಹಿಟ್ಟು ಕಲಸೋದು ನಾನು. ನೀರು ಜಾಸ್ತಿಯಾಯ್ತು ಅಂತ ಹಿಟ್ಟು, ಹಿಟ್ಟು ಜಾಸ್ತಿಯಾಯ್ತು ಅಂತ ನೀರು. ಮೂರು ಜನಕ್ಕೆ ಅಂತ ಶುರು ಮಾಡಿದ್ದು ಬೀಗರ ಊಟಕ್ಕಾಗುವಷ್ಟು ಆಗಿರುತ್ತದೆ. ಸರಿಯಾಗಿ ಆಗಲೇ ಫೋನು ಬಡಿದುಕೊಳ್ಳುತ್ತದೆ. ಬೆರಳ ಸಂದಿಯಲ್ಲೆಲ್ಲ ಹಿಟ್ಟು. ಮೊಣಕೈಯಲ್ಲಿ ಒತ್ತಿದರೆ ಕಟ್ ಆಗುತ್ತದೆ. ಹಳೇ ಲೆಕ್ಕದಲ್ಲಿ ನಾನೂ ಲೇಡಿಯೇ.

ಮೂರನೆಯವನೂ ಒಬ್ಬನಿದ್ದ. 'ಹ್ಲಾಫ್‌ಏಟ', ಬ್ರೆಡ್ ತಿನ್ನುವವನು. ಅಂದರೆ ಮನೆಯ ಅನ್ನ ತಿಂದು ಅಲ್ಲೇ ದುಡಿಯುವ ಆಳು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ರಾಜ ಎಥೆಲ್‌ಬರ್ಟ್ ಕ್ರಿ.ಶ. 600ರ ಆಸುಪಾಸಿನಲ್ಲಿ ಮಾಡಿದ ಕಟ್ಟಳೆಯಲ್ಲಿ ಇವನ ಹೆಸರಿದೆ: ಸಾಮಾನ್ಯ ಒಕ್ಕಲಿನ ಮನೆಯ 'ಬ್ರೆಡ್ ತಿನ್ನುವವನನ್ನು' ಕೊಂದರೆ 6 ಷಿಲ್ಲಿಂಗ್ ಕಟ್ಟಬೇಕು. ಅನ್ನದ ಋಣ, ಉಂಡ ಮನೆ ಅನ್ನುವ ನಮಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಆದರೆ ಕಾಯುವವನೂ ನಾದುವವಳೂ ದೊಡ್ಡ ಮನುಷ್ಯರಾಗಿ ಉಳಿದರು, ಪಾಪ, ತಿನ್ನುವವನು ಮಾತ್ರ ಇಂಗ್ಲಿಷಿನಿಂದಲೇ ಮಾಯವಾದ.

ನಮ್ಮ ಕೋರ್ಟುಗಳಲ್ಲಿ 'ಮೈ ಲಾರ್ಡ್' ಇನ್ನೂ ಕೇಳುತ್ತದೆ. ಅದರ ಬದಲು 'ಯುವರ್ ಆನರ್' ಅಂದರೆ ಸಾಕು ಅಂತ ಬಾರ್ ಕೌನ್ಸಿಲ್ 2006ರಲ್ಲೇ ನಿಯಮ ಮಾಡಿತ್ತು. ನಾಲಿಗೆ ಕೇಳಬೇಕಲ್ಲ! ಕರಿ ಕೋಟಿನ ವಕೀಲರು ತಲೆಬಾಗಿ "ಬ್ರೆಡ್ ಕಾಯುವವರೇ" ಅನ್ನೋದನ್ನ ಸುಮ್ನೆ ಒಮ್ಮೆ ನೆನೆಸಿಕೊಳ್ಳಿ.

ಮೊನ್ನೆ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಚಪಾತಿ ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು.

"ಹಿಟ್ಟು ನಾದಿದ್ದು ನೀವು, ಹಾಗಾದ್ರೆ ನೀವು ಲೇಡಿ. ಡಬ್ಬಿ ನನ್ನ ಹತ್ರ ಇದೆ, ಲಾರ್ಡು ನಾನು. ಸರಿ, ಆ ಮೂರನೆಯವನು ಮಾಯ ಆದ ಅಂದ್ರಲ್ಲ?"

ಮಗ ಆರನೇ ಚಪಾತಿಗೆ ತಟ್ಟೆ ಚಾಚಿದ.