ದೀಪ ಸ್ವಲ್ಪ ಕೆಳಗೆ ಇಳಿಸಿ

ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಹೊಸ ಮನೆ, ಹೋಮ್‌ಸ್ಟೇಗಳಲ್ಲಿ ಈಗ ಐವತ್ತರ ದಶಕದ ಮಾದರಿಯ ಡಿಸೈನರ್ ತೂಗುದೀಪ ಒಂದಾದರೂ ಇದ್ದೇ ಇರುತ್ತದೆ. ನೋಡಲು ಚೆಂದ. ಆದರೆ ಹೆಚ್ಚಿನ ಕಡೆ ಅದು ಸೀಲಿಂಗಿಗೆ ಅಂಟಿಕೊಂಡೇ ಇರುತ್ತದೆ. ಒಳಗಿನ ಬಿಳಿ ಎಲ್‌ಇಡಿ ಬಲ್ಬು ನೇರ ಕಣ್ಣು ಕುಕ್ಕುತ್ತದೆ. ಸಾಲದ್ದಕ್ಕೆ ಪಕ್ಕದ ಗೋಡೆಯಲ್ಲಿ ಟ್ಯೂಬ್‌ಲೈಟ್ ಬೇರೆ. ಅಷ್ಟು ದುಡ್ಡು ಸುರಿದು ತಂದ ದೀಪ ಸುಮ್ನೆ ಷೋಪೀಸ್.

ನಾನಿರುವ ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆ ದಾಟಿದರೆ ಸೂರ್ಯ ಮುಳುಗಿದ ಹಾಗೆ. ಅದಕ್ಕೇ ಜನ ದೀಪದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಾಡಿಗೆ ಮನೆ ಬಿಡುವಾಗ ದೀಪ ಕಳಚಿಕೊಂಡೇ ಹೋಗುತ್ತಾರೆ. (ನಮ್ಮಲ್ಲಿ ಗೀಸರ್ ಕಳಚಿಕೊಂಡು ಹೋಗುವವರು ಇದ್ದಾರೆ, ದೀಪ ಅಲ್ಲ.)

ಇಲ್ಲಿನ ಊಟದ ಮೇಜುಗಳ ಮೇಲೆ ಮತ್ತೆ ಮತ್ತೆ ಕಾಣುವುದು ಪಿಎಚ್ 5. ಪೌಲ್ ಹೆನ್ನಿಂಗ್‌ಸೆನ್ ಎಂಬ ಡೆನ್ಮಾರ್ಕಿನ ವಿನ್ಯಾಸಕಾರ 1958ರಲ್ಲಿ ಮಾಡಿದ ದೀಪ. ಅದರ ದೊಡ್ಡ ಲೋಹದ ತಟ್ಟೆಯ ಅಗಲ 50 ಸೆಂಟಿಮೀಟರ್, ಹೆಸರಿನ 5 ಬಂದದ್ದೂ ಅಲ್ಲಿಂದಲೇ. 1920ರ ದಶಕದಿಂದಲೂ ಆತ ಒಂದೇ ವಿಷಯದ ಹಿಂದೆ ಬಿದ್ದಿದ್ದ. ಬಲ್ಬು ಯಾರ ಕಣ್ಣಿಗೂ ಬೀಳಬಾರದು, ಬೆಳಕು ಮಾತ್ರ ಬೀಳಬೇಕು. ಅದಕ್ಕೇ ಒಂದರ ಕೆಳಗೊಂದು ಲೋಹದ ತಟ್ಟೆಗಳು. ಬೆಳಕು ಅವಕ್ಕೆ ತಾಗಿ ಕೆಳಕ್ಕೂ ಬದಿಗೂ ಹರಡುತ್ತದೆ. ಬಗ್ಗಿ ನೋಡಿದರೆ ಒಳಗೆ ಸಣ್ಣ ಕೆಂಪು, ನೀಲಿ ಭಾಗಗಳು ಕಾಣುತ್ತವೆ, ಬೆಳಕಿನ ಬಣ್ಣ ಹದ ಮಾಡಲು ಇಟ್ಟವು. ತೂಗುಹಾಕುವುದು ಮೇಜಿನಿಂದ ಸುಮಾರು 60 ಸೆಂಟಿಮೀಟರ್ ಮೇಲೆ, ಬರೀ ಎರಡು ಅಡಿ. ಕೂತರೆ ಎದುರಿನವರ ಮುಖವೂ ಕಾಣುತ್ತದೆ, ತಟ್ಟೆಯಲ್ಲಿರುವ ಮೀನಿನ ಮುಳ್ಳೂ ಕಾಣುತ್ತದೆ. ಕೋಣೆಯ ಮೂಲೆಗಳು ಮಬ್ಬಾಗಿರುತ್ತವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕೆಳಗೆ ತೂಗುವ ದೀಪ ಕೊಡಗಿಗೇನೂ ಹೊಸತಲ್ಲ. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ತೂಕ್ ಬೊಳ್ಚ ಎಂಬ ತೂಗುದೀಪ ಕೈಗೆ ಎಟಕುವಂತೆಯೇ ಇರುತ್ತದೆ, ಎಣ್ಣೆ ಹಾಕಿ ಬತ್ತಿ ಸರಿಮಾಡಬೇಕಲ್ಲ. ಅದು ಹಿರಿಯರನ್ನು ನೆನೆದು ಹಚ್ಚುವ ದೀಪ, ಊಟದ ಮೇಜಿನ ದೀಪದ ಜೊತೆ ಅದನ್ನು ಹೋಲಿಸಲು ನನಗೆ ಮನಸ್ಸಿಲ್ಲ. ಆದರೆ ಕರೆಂಟು ಬಂದ ಮೇಲೆ ಉಳಿದ ದೀಪಗಳೆಲ್ಲ ಮೇಲೆ ಹೋದವು, ಮನೆಯಿಡೀ ಹಗಲಿನಂತಿರಬೇಕು ಅನ್ನುವುದೂ ಅಭ್ಯಾಸವಾಯಿತು. ತಪ್ಪು ಅನ್ನಲಾರೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದೆ ಕೂತವರು, ಬಂದ ಕೂಡಲೇ ಇರುವ ಸ್ವಿಚ್ಚನ್ನೆಲ್ಲ ಒತ್ತುತ್ತಾರೆ. "ಅಲ್ಲಿ ಮೂಲೆ ಕತ್ತಲಿದ್ರೆ ಚೆಂದ ಇರಬಹುದು. ಇಲ್ಲಿ ಹಾವು ಬಂದ್ರೂ ಗೊತ್ತಾಗಲ್ಲ," ಅನ್ನುತ್ತಾರೆ ನಮ್ಮ ಅತ್ತಿಗೆ. ಸರಿ, ವರಾಂಡಕ್ಕೆ ಟ್ಯೂಬ್‌ಲೈಟ್ ಇರಲಿ. ನಾನು ಹೇಳುತ್ತಿರುವುದು ಊಟದ ಮೇಜಿನ ಮಾತು.

ಎಲ್ಲ ದೀಪವೂ ನಮ್ಮ ಹವೆಗೆ ಒಗ್ಗುವುದಿಲ್ಲ. ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಶುರು ಮಾಡಿದ ಅಕಾರಿ ದೀಪಗಳು ಜಪಾನಿನ ಕಾಗದ, ಬಿದಿರಿನವು. ಬೆಳಕು ಬಹಳ ಹಿತ. ಆದರೆ ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುವ ಮಡಿಕೇರಿಯಲ್ಲಿ ಆ ಕಾಗದ ಎಷ್ಟು ಮಳೆಗಾಲ ತಾಳೀತು? ಅಮೆರಿಕದ ವಿನ್ಯಾಸಕಾರ ಜಾರ್ಜ್ ನೆಲ್ಸನ್‌ನ ಬಬಲ್ ದೀಪದಲ್ಲಿ ಉಕ್ಕಿನ ತಂತಿಯ ಹಂದರಕ್ಕೆ ಪ್ಲಾಸ್ಟಿಕ್ ಸಿಂಪಡಿಸಿರುತ್ತಾರೆ, ಬೂಸ್ಟು ಒರೆಸಿದರೆ ಹೋಗುತ್ತದೆ. ಲೋಹದ್ದು ಇನ್ನೂ ವಾಸಿ. ಮೊದಲ ಮಳೆಗೆ ಏಳುವ ಈಸಲು ಹುಳ ಮಾತ್ರ ಯಾವ ಡಿಸೈನನ್ನೂ ಬಿಡುವುದಿಲ್ಲ. ತಟ್ಟೆಗಳ ನಡುವೆ ರೆಕ್ಕೆ ಉದುರಿಸಿ, ಉಳಿದದ್ದನ್ನು ಸಾರಿನೊಳಕ್ಕೆ ಬೀಳಿಸುತ್ತವೆ. ಆ ಸಂಜೆ ದೀಪ ಆರಿಸಿಬಿಡಿ.

ಅಸಲಿ ಪಿಎಚ್ 5 ಬಹಳ ದುಬಾರಿ. ಅದೇ ಆಗಬೇಕೆಂದಿಲ್ಲ. ಕೂತವರಿಗೆ ಬಲ್ಬು ಕಾಣದಂತೆ ಮುಚ್ಚುವ ಯಾವ ಲೋಹದ ಡೋಮಾದರೂ ಸಾಕು, ಒಳಗೆ 2700 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬು. ಹಂಚಿನ ಮನೆಯಾದರೆ ತೊಲೆಯಿಂದ ಇಳಿಬಿಡಲು ಉದ್ದದ ವೈರ್ ಬೇಕು ಅಂತ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಡಿ. "ತಲೆಗೆ ತಾಗುತ್ತೆ ಸಾರ್" ಅಂತಾನೆ. ಕೆಳಗೆ ಮೇಜಿರುವಾಗ ಯಾರ ತಲೆಗೆ ತಾಗುತ್ತದೆ, ಅಲ್ವಾ?