ವಿಡಿಯೊ ನೋಡಿ ಕೈ ಪಳಗುವುದಿಲ್ಲ

"ಮನೆಯಲ್ಲೇ ಓದಿ ಹಿರಿಯ ಆರೋಗ್ಯ ಸಹಾಯಕರಾಗಿ" ಅಂತ ಆನ್‌ಲೈನ್ ಕೋರ್ಸುಗಳ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ಅರ್ಧ ನಿಜ. ನಾನು ಇಂಗ್ಲೆಂಡಿನ ಕೇರ್ ಹೋಮಿನಲ್ಲಿ (ವಯಸ್ಸಾದವರ ಆರೈಕೆ ಕೇಂದ್ರ) ದುಡಿಯುತ್ತಲೇ ದೂರಶಿಕ್ಷಣದಲ್ಲಿ ಆರೈಕೆ ಕೆಲಸದ ಲೆವೆಲ್ 3 ಡಿಪ್ಲೊಮಾ ಮುಗಿಸಿದವಳು. ಓದು, ಬರಹವೆಲ್ಲ ರಾತ್ರಿ ಪಾಳಿ ಮುಗಿಸಿ ಬಂದು ಅಡುಗೆಮನೆ ಮೇಜಿನ ಮೇಲೇ ಆಯಿತು. ಆದರೆ ಹಾಸಿಗೆ ಹಿಡಿದ ಅಜ್ಜಿಯನ್ನು ಸ್ಲೈಡ್ ಶೀಟ್ (ಮೈ ಕೆಳಗೆ ಹಾಸುವ ಜಾರುವ ಬಟ್ಟೆ) ಹಾಕಿ ನಾನು ಮಗ್ಗುಲು ಹೊರಳಿಸುವುದನ್ನು, ಕೆಲಸ ಪರೀಕ್ಷಿಸುವ ಅಸೆಸರ್ ಪಕ್ಕದಲ್ಲೇ ನಿಂತು ನೋಡಿದರು. ಹಿಮ್ಮಡಿ ಕೆಂಪಾಗಿದೆಯೇ ಅಂತ ನೋಡುವುದನ್ನು ನಾನು ಮರೆತಿದ್ದೆ. ಅವತ್ತು ಅವರು ಪಾಸ್ ಅಂತ ಸಹಿ ಹಾಕಲೇ ಇಲ್ಲ, ಇನ್ನೊಂದು ದಿನ ಬಂದರು. ಅವರು ಮಾಡಿದ್ದು ಸರಿ, ಮಲಗಿದಲ್ಲೇ ಇರುವವರಿಗೆ ಹುಣ್ಣು ಹೀಗೆ ಕೆಂಪಾಗಿಯೇ ಶುರುವಾಗುವುದು. ಅಲ್ಲಿ ಹೊಸದಾಗಿ ಆರೈಕೆ ಕೆಲಸಕ್ಕೆ ಸೇರುವವರ ಮೂಲ ತರಬೇತಿಯಾಗಿ 2015ರಲ್ಲಿ ಬಂದ ಕೇರ್ ಸರ್ಟಿಫಿಕೇಟಿಗೂ ಇದೇ ರೀತಿ, ಕೈಕೆಲಸವನ್ನು ಕೆಲಸದ ಜಾಗದಲ್ಲೇ ನೋಡಬೇಕು. ಪೂರ್ತಿ ಆನ್‌ಲೈನ್ ಅನ್ನುವವರಿಗೆ ದುಡ್ಡು ಕಟ್ಟುವ ಮೊದಲು ದಯವಿಟ್ಟು ಕೇಳಿ: ನನ್ನ ಕೆಲಸ ನೋಡಲು ಯಾರು ಬರ್ತಾರೆ?